ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ

ಆಷಾಢ ಮುಗಿಯುವ ಹೊತ್ತಿಗೆ ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಎರಡು ವಸ್ತುಗಳು ತಪ್ಪದೆ ಬರುತ್ತವೆ. ಒಂದು, ಸೀರೆ ಮಾರುವವನ ಗಂಟು. ಇನ್ನೊಂದು, ಆಡಳಿತ ಮಂಡಳಿಯ ಸುತ್ತೋಲೆ. ಗಂಟು ಬಿಚ್ಚುವಾಗ ಇರುವ ಉತ್ಸಾಹ ಸುತ್ತೋಲೆ ಬಿಚ್ಚುವಾಗ ಇರುವುದಿಲ್ಲ. ಅದರಲ್ಲಿ ಏನಿದೆ ಎಂಬುದು ಓದುವ ಮೊದಲೇ ಗೊತ್ತು. ಶಾಲೆಯ ಮಕ್ಕಳನ್ನು ಶಿಬಿರಕ್ಕೆ, ಪ್ರವಾಸಕ್ಕೆ ಕರೆದೊಯ್ಯುವ ಎಲ್ಲ ಶಿಕ್ಷಕರೂ, ಎಲ್ಲ ಸ್ವಯಂಸೇವಕರೂ ಮೂರು ದಿನಗಳ ಮಕ್ಕಳ ಸುರಕ್ಷತಾ ತರಬೇತಿಗೆ ಕಡ್ಡಾಯವಾಗಿ ಹಾಜರಾಗತಕ್ಕದ್ದು. ಹಾಜರಾಗದವರಿಗೆ ಮಕ್ಕಳ ಜೊತೆ ಹೋಗಲು ಅನುಮತಿ ಇಲ್ಲ. ಕೆಳಗೆ ಕಾರ್ಯದರ್ಶಿಗಳ ಸಹಿ, ಮೊಹರು. 2021ರಲ್ಲಿ ಇದು ಶುರುವಾದಾಗ ಕೊರೋನಾ ಕಾಲ, ತರಬೇತಿ ಮೊಬೈಲಿನಲ್ಲಿ ನಡೆಯಿತು. ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಪ್ರತಿ ವರ್ಷವೂ ಸಭಾಂಗಣದಲ್ಲಿ, ನೆಲದ ಮೇಲೆ ಜಮಖಾನ ಹಾಸಿ.

ನಾನು 1996ರಿಂದ ನಮ್ಮ ಶಾಲೆಯ ಗೈಡ್ಸ್ ಕ್ಯಾಪ್ಟನ್. ಕ್ಯಾಪ್ಟನ್ ಎಂದ ಕೂಡಲೇ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಸಂಬಳವಿಲ್ಲ, ಭತ್ಯೆಯಿಲ್ಲ, ಪಾಠದ ಪೀರಿಯಡ್ಡೂ ಕಡಿಮೆಯಾಗುವುದಿಲ್ಲ. ಶನಿವಾರ ಮಧ್ಯಾಹ್ನ ಎಲ್ಲರೂ ಮನೆಗೆ ಹೋದ ಮೇಲೆ ಹೆಣ್ಣುಮಕ್ಕಳನ್ನು ಬೇವಿನ ಮರದ ಕೆಳಗೆ ಸೇರಿಸಿ ರೀಫ್ ನಾಟ್ ಕಟ್ಟಿಸುವುದು, ಬ್ಯಾಂಡೇಜ್ ಸುತ್ತಿಸುವುದು, ಹಾಡು ಹೇಳಿಸುವುದು, ಎಡಗೈ ಕೊಟ್ಟು ಕೈಕುಲುಕಲು ಕಲಿಸುವುದು. ಕಮಲ, ಗುಲಾಬಿ, ಮಲ್ಲಿಗೆ, ಸೂರ್ಯಕಾಂತಿ ಎಂದು ನಾಲ್ಕು ಪೆಟ್ರೋಲು; ಒಂದೊಂದರಲ್ಲಿ ಆರು ಮಕ್ಕಳು. ದೊಡ್ಡಬಳ್ಳಾಪುರಕ್ಕೆ, ಕೊಂಡಜ್ಜಿಗೆ ಎಂದು ಮಕ್ಕಳನ್ನು ಶಿಬಿರಗಳಿಗೆ ಕರೆದುಕೊಂಡು ಹೋಗಿದ್ದೇನೆ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಎಂಟು ಹುಡುಗಿಯರ ಜೊತೆ ಒಂದು ವಾರ ಅಲ್ಲಿದ್ದೆ. ಅಷ್ಟು ಸಾವಿರ ಮಕ್ಕಳ ನಡುವೆ ನನ್ನ ಎಂಟು ತಲೆಗಳನ್ನು ದಿನಕ್ಕೆ ಎಷ್ಟು ಸಲ ಎಣಿಸಿದೆನೋ, ಮನೆಗೆ ಬಂದ ಮೇಲೂ ನಿದ್ದೆಯಲ್ಲಿ ಎಣಿಸುತ್ತಿದ್ದೆನಂತೆ. ನಮ್ಮವರು ಈಗಲೂ ಹೇಳಿ ನಗುತ್ತಾರೆ.

ಇಂಥವಳಿಗೆ ಪ್ರತಿ ವರ್ಷವೂ "ಮಕ್ಕಳನ್ನು ಎಣಿಸಿ ಬಸ್ಸು ಹತ್ತಿಸಬೇಕು" ಎಂದು ಹೇಳಿಕೊಡುತ್ತಾರೆ. ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ.

ಆ ಮೂರು ದಿನಗಳು ಹೇಗಿರುತ್ತವೆ ಎಂದು ಹೇಳಿಬಿಡುತ್ತೇನೆ. ಮೊದಲು ಪರಿಚಯದ ಆಟ. ಚೆಂಡು ಎಸೆಯುತ್ತಾರೆ, ಹಿಡಿದವರು ತಮ್ಮ ಹೆಸರಿನ ಜೊತೆ ಒಂದು ಹಣ್ಣಿನ ಹೆಸರು ಹೇಳಬೇಕು. ನಾನು ಸೀತಾಫಲ. ನಾಲ್ಕು ವರ್ಷದಿಂದಲೂ ಸೀತಾಫಲವೇ. ಪಕ್ಕದಲ್ಲಿ ಕೂತ ಕನ್ನಡ ಮೇಷ್ಟರು ಹಲಸಿನಹಣ್ಣು. ಇಪ್ಪತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತವರು ಹೀಗೆ ಹೊಸದಾಗಿ ಪರಿಚಯವಾಗುತ್ತೇವೆ. ಆಮೇಲೆ ಪೂರ್ವ ಪರೀಕ್ಷೆ, ಹತ್ತು ಪ್ರಶ್ನೆ. ಕೊನೆಯ ದಿನ ಅವೇ ಹತ್ತು ಪ್ರಶ್ನೆಗಳ ಉತ್ತರ ಪರೀಕ್ಷೆ. 2023ರಲ್ಲಿ ನನಗೆ ಮೊದಲ ದಿನವೇ ಹತ್ತಕ್ಕೆ ಹತ್ತು ಬಂತು. ತರಬೇತಿ ಕೊಡಲು ಬಂದ ಹುಡುಗಿ ಮೆಲ್ಲಗೆ ಹತ್ತಿರ ಬಂದು, "ಮೇಡಂ, ಒಂದು ನಾಲ್ಕು ತಪ್ಪು ಬರೆದುಬಿಡಿ ಪ್ಲೀಸ್. ಇಲ್ಲದಿದ್ರೆ ತರಬೇತಿಯಿಂದ ನಿಮ್ಮಲ್ಲಿ ಆದ ಪ್ರಗತಿ ವರದಿಯಲ್ಲಿ ಕಾಣೋದಿಲ್ಲ" ಎಂದಳು. ಪಾಪ, ಅವಳಿಗೂ ಮೇಲಿನವರು ಇರುತ್ತಾರೆ. ನಾನು ಕೆಂಪು ಶಾಯಿಯಲ್ಲಿ ಮಕ್ಕಳ ತಪ್ಪು ಗುರುತಿಸುವವಳು, ಕೂತು ನಾಲ್ಕು ತಪ್ಪುಗಳನ್ನು ಬೇಕೆಂದೇ ಬರೆದೆ. ಆ ಮಧ್ಯಾಹ್ನದ ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ.

ತರಬೇತಿ ಎಂಬುದೇ ಬೇಡ ಎನ್ನುವವಳಲ್ಲ ನಾನು. ಸ್ಕೌಟ್ ಚಳವಳಿ ಹುಟ್ಟಿದ್ದು 1907ರಲ್ಲಿ, ಬ್ರೌನ್‌ಸೀ ಎಂಬ ದ್ವೀಪದ ಒಂದು ಪುಟ್ಟ ಶಿಬಿರದಿಂದ. 1910ರಲ್ಲಿ ಹೆಣ್ಣುಮಕ್ಕಳಿಗಾಗಿ ಗೈಡ್ಸ್ ಬಂತು. ಅದಾಗಿ ಹತ್ತು ವರ್ಷ ತುಂಬುವ ಮೊದಲೇ, 1919ರಲ್ಲಿ, ಬೇಡನ್ ಪೊವೆಲ್ ಅವರು ಗಿಲ್‌ವೆಲ್ ಪಾರ್ಕಿನಲ್ಲಿ ನಾಯಕರಿಗೆಂದೇ ತರಬೇತಿ ಆರಂಭಿಸಿದರು. ಮುಗಿಸಿದವರ ಕೊರಳಿಗೆ ಎರಡು ಮರದ ಮಣಿ. ಮಕ್ಕಳಿಗೆ ಕಲಿಸುವವರು ತಾವು ಮೊದಲು ಕಲಿಯಬೇಕು ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ನಾನೂ ಹೊಸದರಲ್ಲಿ ಆಸೆಪಟ್ಟು ಕಲಿತವಳೇ. ಮಗನಿಗೆ ಆಗ ಒಂದೂವರೆ ವರ್ಷ. ಅವನನ್ನು ಅತ್ತೆಯ ಹತ್ತಿರ ಬಿಟ್ಟು, ಅವರ ಕೋಪವನ್ನೂ ಕಟ್ಟಿಕೊಂಡು, ಡೇರೆಯಲ್ಲಿ ಮಲಗಿ ಕಲಿತು ಬಂದೆ. ಆ ಕಲಿಕೆಯ ರುಚಿ ಬೇರೆ. ಕಲಿತದ್ದನ್ನೇ ಕಲಿಯಿರಿ, ಇಲ್ಲದಿದ್ದರೆ ನಿಮ್ಮನ್ನು ನಂಬುವುದಿಲ್ಲ ಎನ್ನುವುದು ಮಾತ್ರ ಮನಸ್ಸಿಗೆ ಚುಚ್ಚುತ್ತದೆ.

ನನ್ನದಾದರೂ ಸರಿ. ನನಗೆ ತಿಂಗಳಿಗೆ ಸಂಬಳ ಬರುತ್ತದೆ, ತರಬೇತಿಯ ದಿನ ಓ.ಓ.ಡಿ. ಸಿಗುತ್ತದೆ. ನಮ್ಮ ಟೈಲರ್ ಆಂಟಿಯ ಮಾತು ಹಾಗಲ್ಲ.

ಮಕ್ಕಳು ಇಟ್ಟ ಹೆಸರು ಅದು. ಶಾಲೆಯ ಹಿಂದಿನ ಬೀದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸು, ಲಂಗ, ಫಾಲ್ ಹಾಕುವ ಕೆಲಸ ಮಾಡುತ್ತಾರೆ. ಹದಿನಾಲ್ಕು ವರ್ಷದ ಹಿಂದೆ ಅವರ ಮಗಳು ನನ್ನ ಕಂಪನಿಯಲ್ಲಿದ್ದಳು. ಶಿಬಿರಕ್ಕೆ ಇನ್ನೊಬ್ಬ ಹೆಂಗಸು ಬೇಕು ಎಂದಾಗ ತಾವಾಗಿ ಬಂದರು. ಮಗಳು ಓದು ಮುಗಿಸಿ ಮದುವೆಯಾಗಿ ಹೋದಳು, ಇವರು ಉಳಿದರು. ಓದಿದ್ದು ಏಳನೆಯ ತರಗತಿ. ಆದರೆ ಶಿಬಿರದಲ್ಲಿ ಯಾವ ಮಗು ಊಟ ಬಿಟ್ಟಿದೆ, ಯಾವ ಮಗುವಿಗೆ ಮೊದಲ ಸಲ ಮುಟ್ಟಾಗಿ ಹೇಳಲಾರದೆ ಮೂಲೆಯಲ್ಲಿ ಕೂತಿದೆ, ಯಾವ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡು ಹೆದರಿದೆ, ಇವೆಲ್ಲ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಹಾಸಿಗೆ ಒದ್ದೆಯಾದ ದಿನ ಬೆಳಗಿನ ಜಾವ ಬೇಕೆಂದೇ ಒಂದು ಬಿಂದಿಗೆ ನೀರು ಎಡವಿ ಚೆಲ್ಲಿ, "ಅಯ್ಯೋ, ನನ್ನ ಕೈ ಬಿತ್ತು, ಎಲ್ಲ ಹಾಸಿಗೆನೂ ಬಿಸಿಲಿಗೆ ಹಾಕ್ರಮ್ಮ" ಎಂದು ಕೂಗಿದ್ದನ್ನು ನಾನು ಕಂಡಿದ್ದೇನೆ. ಇದನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೆ, ನೀವೇ ಹೇಳಿ.

2024ರಲ್ಲಿ ತರಬೇತಿ ಬಿದ್ದದ್ದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ. ಹೊಲಿಗೆಯವರಿಗೆ ವರ್ಷದ ಸುಗ್ಗಿ ಅದು. ಊರಿನ ಹೆಂಗಸರ ಬ್ಲೌಸೆಲ್ಲ ಅವರ ಮನೆಯ ಮೊಳೆಗೆ ನೇತು ಹಾಕಿರುತ್ತವೆ. ಮೂರು ದಿನ ಬಾಗಿಲು ಹಾಕಿದರೆ ಮೂರು ದಿನದ ದುಡ್ಡು ಹೋಯಿತು ಎಂದಷ್ಟೇ ಅಲ್ಲ, ಗಿರಾಕಿ ಬೇರೆ ಕಡೆ ಹೋಗುತ್ತಾರೆ. ಅವರು ಮೊದಲ ದಿನ ಬಂದರು, ಎರಡನೆಯ ದಿನ ಬರಲಿಲ್ಲ. ಪ್ರಮಾಣಪತ್ರ ಸಿಗಲಿಲ್ಲ. ಅಕ್ಟೋಬರಿನ ಶಿಬಿರದ ಪಟ್ಟಿಯಿಂದ ಅವರ ಹೆಸರು ಹೊಡೆದು ಹಾಕಿದರು. ನಾನು ಹೋಗಿ ಹೇಳಬೇಕಾಯಿತು. ಕತ್ತರಿ ಕೆಳಗಿಟ್ಟು ಕೇಳಿದರು: "ಹದಿಮೂರು ವರ್ಷ ಆದ್ಮೇಲೆ ನನ್ನ ಮೇಲೆ ಅನುಮಾನ ಬಂತಾ ಅಕ್ಕಾ?"

ಅನುಮಾನವಲ್ಲ, ನಿಯಮ ಎಂದೆ. ಹೇಳುವಾಗಲೇ ನನ್ನ ಮಾತು ನನಗೇ ಟೊಳ್ಳೆನಿಸಿತು. ಎರಡನೆಯ ಹೆಂಗಸು ಸಿಗದೆ ಆ ಶಿಬಿರವೇ ನಡೆಯಲಿಲ್ಲ. ಇಪ್ಪತ್ತನಾಲ್ಕು ಹುಡುಗಿಯರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೆಂಟರ ಮನೆ ಬಿಟ್ಟು ಬೇರೆಲ್ಲೂ ಒಂದು ರಾತ್ರಿ ಉಳಿದವರಲ್ಲ. ಮಕ್ಕಳ ಸುರಕ್ಷತೆಗಾಗಿ ಮಾಡಿದ ನಿಯಮ ಮಕ್ಕಳನ್ನು ಬಹಳ ಸುರಕ್ಷಿತವಾಗಿ ಮನೆಯಲ್ಲೇ ಕೂರಿಸಿತು.

ಹೀಗೆ ಮೈಯೆಲ್ಲ ಉರಿಯುತ್ತಿದ್ದ ಹೊತ್ತಿಗೆ ಒಂದು ಮನವಿ ಪತ್ರ ನನ್ನ ಮುಂದೆ ಬಂತು. ನಮ್ಮ ಮಂಡಳಿಗೆ ಸೇರಿದ ನಾಲ್ಕು ಶಾಲೆಗಳ ಹಿರಿಯರು ಸೇರಿ ಬರೆದದ್ದು. ಇಪ್ಪತ್ತು ವರ್ಷಕ್ಕೂ ಮೀರಿ ಅನುಭವ ಇರುವ ಹನ್ನೊಂದು ಮಂದಿಗೆ ತರಬೇತಿಯಿಂದ ವಿನಾಯಿತಿ ಕೊಡಬೇಕು ಎಂದು ಕೋರಿಕೆ. ನನ್ನ ಹೆಸರೇ ಮೊದಲು. ಸಹಿ ಹಾಕಲು ಪೆನ್ನು ತೆಗೆದೆ. ಸಂಜೆ ಕೊಡುತ್ತೇನೆ ಎಂದು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ. ಯಾಕೆ ಆಗಲೇ ಹಾಕಲಿಲ್ಲ ಎಂದು ಕೇಳಿದರೆ, ನನ್ನ ತಾಯಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಬೇಕಿತ್ತು, ಆತುರದಲ್ಲಿದ್ದೆ. ಅದಕ್ಕಿಂತ ದೊಡ್ಡ ಕಾರಣ ಆಗ ಇರಲಿಲ್ಲ.

ತಾಯಿಗೆ ಎಂಬತ್ತು ದಾಟಿದೆ. ತಂದೆಯವರ ಕುಟುಂಬ ಪಿಂಚಣಿ ಬರುತ್ತದೆ. ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆ ಎಂದು ಪ್ರಮಾಣ ಕೊಡಬೇಕು. ಮನೆಯಿಂದಲೇ ಬೆರಳಚ್ಚು ಒತ್ತಿ ಕೊಡುವ ವ್ಯವಸ್ಥೆಯೂ ಬಂದಿದೆ. ಆದರೆ ಪಾತ್ರೆ ತಿಕ್ಕಿ ತಿಕ್ಕಿ ಸವೆದ ಅಮ್ಮನ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಆದ್ದರಿಂದ ಒಳ್ಳೆಯ ಸೀರೆ ಉಟ್ಟು, ಆಟೋದಲ್ಲಿ ಬ್ಯಾಂಕಿಗೆ. ಮೂವತ್ತು ವರ್ಷದಿಂದ ಅವರನ್ನು ನೋಡಿರುವ ಗುಮಾಸ್ತೆ, "ಬನ್ನಿ ಅಮ್ಮ, ಚೆನ್ನಾಗಿದ್ದೀರಾ" ಎಂದು ಕೇಳಿ ಕೂರಿಸಿ, ಬದುಕಿದ್ದಾರೆ ಎಂದು ಬರೆಸಿಕೊಳ್ಳುತ್ತಾರೆ. ಅಂದು ನಾನು ರೇಗಿದೆ. ಕಣ್ಣೆದುರಿಗೆ ಕೂತವರನ್ನು ಬದುಕಿದ್ದೀರಾ ಎಂದು ಕೇಳುವುದೇನು, ಅವಮಾನವಲ್ಲವೇ ಎಂದೆ. ಅಮ್ಮ ಆಟೋದಲ್ಲಿ ಸೆರಗು ಹೊದ್ದುಕೊಳ್ಳುತ್ತಾ, "ಅವಮಾನ ಯಾಕಾಗತ್ತೆ? ಹೋದ ವರ್ಷ ಬದುಕಿದ್ದೋಳು ಈ ವರ್ಷ ಇರ್ತೀನಿ ಅಂತ ಅವರಿಗೇನು ಗೊತ್ತು? ನನಗೇ ಗೊತ್ತಿಲ್ಲ" ಎಂದರು.

ರಾತ್ರಿ ಮನವಿ ಪತ್ರವನ್ನು ಮತ್ತೆ ಓದಿದೆ. ಹನ್ನೊಂದು ಹೆಸರು. ಆರು ಮಂದಿಯನ್ನು ಬಲ್ಲೆ. ಬಲ್ಲೆ ಎಂದರೇನು? ಮದುವೆ ಮನೆಗಳಲ್ಲಿ ಕಂಡಿದ್ದೇನೆ, ಅವರ ಮಕ್ಕಳು ಏನು ಓದುತ್ತಿದ್ದಾರೆಂದು ಗೊತ್ತು. ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ, ಕಾಫಿಗೆ ಸಕ್ಕರೆ ಬೇಡ ಎನ್ನುತ್ತಾರೆ. ಉಳಿದ ಐವರ ಮುಖ ನೆನಪಾಗಲಿಲ್ಲ. ಅವರೆಲ್ಲರೂ ಒಳ್ಳೆಯವರೇ ಇರಬಹುದು, ಇರಲೂಬೇಕು. ಆದರೆ ನಾನು ಸಹಿ ಹಾಕಿದರೆ ಏನು ಹೇಳಿದಂತಾಗುತ್ತದೆ? ಇವರು ಬಹಳ ವರ್ಷದಿಂದ ಇದ್ದಾರೆ, ಊರಿನಲ್ಲಿ ಗೌರವ ಇದೆ, ಇವರನ್ನು ನೋಡುವ ಅಗತ್ಯವಿಲ್ಲ ಎಂದು.

ಮಕ್ಕಳಿಗೆ ಕೇಡು ಬಗೆಯುವವರ ವಿಷಯ ನಮಗೆ ಗೊತ್ತಿರುವುದೇನು? 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿತು. ಕೇಡು ಮಾಡಿದವರಲ್ಲಿ ನೂರಕ್ಕೆ ಐವತ್ತು ಮಂದಿ ಮಗುವಿಗೆ ಗೊತ್ತಿದ್ದವರು, ಅದರ ನಂಬಿಕೆಗೆ ಪಾತ್ರರಾದವರು ಎಂದು ಅದರಲ್ಲಿದೆ. ಪೊಲೀಸರ ಲೆಕ್ಕದಲ್ಲಿಯೂ ಅಪರಿಚಿತರ ಪಾಲು ಸಣ್ಣದು. ಕತ್ತಲಲ್ಲಿ ಬರುವ ಕಳ್ಳನಿಗೆ ನಾವು ಚಿಲಕ ಹಾಕುತ್ತೇವೆ. ಆದರೆ ಮಗುವಿನ ಹತ್ತಿರ ಹೋಗಲು ಯಾರಿಗೆ ಬಾಗಿಲು ತೆರೆದಿರುತ್ತದೆ? ಮಾವನಿಗೆ, ಮೇಷ್ಟರಿಗೆ, ಇಪ್ಪತ್ತೈದು ವರ್ಷದ ಸೇವೆಗೆ ಶಾಲು ಹೊದೆಸಿಕೊಂಡವರಿಗೆ. ಅನುಭವ ಉಳ್ಳವರಿಗೆ ವಿನಾಯಿತಿ ಎಂದರೆ, ಯಾರ ಮೇಲೆ ಯಾರೂ ಕಣ್ಣಿಡುವುದಿಲ್ಲವೋ ಅವರ ಮೇಲಿರುವ ಉಳಿದೊಂದು ಕಣ್ಣನ್ನೂ ತೆಗೆದ ಹಾಗೆ. ನನಗೆ ಬೇಡ ಎಂದು ನಾನು ಕೇಳಿದರೆ, ನನಗೆ ಕೊಟ್ಟ ಕಾರಣಕ್ಕೇ ಇನ್ನೊಬ್ಬರಿಗೂ ಕೊಡಬೇಕಾಗುತ್ತದೆ. ನನ್ನ ಒಳ್ಳೆಯತನ ನನಗೆ ಗೊತ್ತು ಎನ್ನುವುದು ಒಂದು ಕಾರಣವಲ್ಲ. ಹಾಗೆ ಎಲ್ಲರೂ ಹೇಳುತ್ತಾರೆ.

ಸಹಿ ಹಾಕದೆ ಪತ್ರ ಹಿಂತಿರುಗಿಸಿದೆ. ಹಲಸಿನಹಣ್ಣಿನ ಮೇಷ್ಟರು ನನ್ನ ಜೊತೆ ಹದಿನೈದು ದಿನ ಮಾತು ಬಿಟ್ಟರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ನ್ಯಾಯವಂತೆ ಎಂದು ಬೀಗಬಹುದಿತ್ತು. ಆದರೆ ಅನುಭವದ ವಿಷಯದಲ್ಲಿ ನನ್ನ ಜಂಬ ಮುರಿದ ಎರಡು ಸಂಗತಿಗಳನ್ನು ಮುಚ್ಚಿಡಲಾರೆ.

ಒಂದು, ಹಾವಿನ ವಿಚಾರ. ನಾನು ಕಲಿಯುವ ಕಾಲಕ್ಕೆ ಹಾವು ಕಚ್ಚಿದರೆ ಕಚ್ಚಿದ ಜಾಗದ ಮೇಲೆ ಹಗ್ಗ ಅಥವಾ ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಕು, ಬ್ಲೇಡಿನಿಂದ ಗೀರಿ ರಕ್ತ ಹೋಗಲು ಬಿಡಬೇಕು ಎಂದಿತ್ತು. ಪುಸ್ತಕಗಳಲ್ಲೂ ಹಾಗೆಯೇ, ಸಿನಿಮಾದಲ್ಲೂ ಹಾಗೆಯೇ. ನಮ್ಮದು ತೆಂಗಿನ ತೋಟಗಳ ಸೀಮೆ. ಗರಿ ಎತ್ತಿದರೆ ಕೊಳಕುಮಂಡಲ, ಸೌದೆ ಎತ್ತಿದರೆ ನಾಗರ. ಆದ್ದರಿಂದ ಈ ಪಾಠವನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದೆ. ಒಬ್ಬಳನ್ನು ಮಲಗಿಸಿ, ಇನ್ನೊಬ್ಬಳಿಂದ ಸ್ಕಾರ್ಫಿನಲ್ಲಿ ಕಾಲು ಕಟ್ಟಿಸಿ, "ಇನ್ನೂ ಬಿಗಿ, ಇನ್ನೂ ಬಿಗಿ" ಎನ್ನುತ್ತಿದ್ದೆ. 2022ರ ತರಬೇತಿಗೆ ಒಂದು ಗಂಟೆ ಮಾತನಾಡಲು ಸರ್ಕಾರಿ ಆಸ್ಪತ್ರೆಯ ವೈದ್ಯೆಯೊಬ್ಬರು ಬಂದಿದ್ದರು. ಅವರು ಮೊದಲು ಹೇಳಿದ್ದೇ ಇದು: ಬಿಗಿಯಾಗಿ ಕಟ್ಟಬೇಡಿ, ಗೀರಬೇಡಿ, ಬಾಯಿಂದ ಹೀರಬೇಡಿ. ಕಟ್ಟಿದರೆ ರಕ್ತ ಓಡಾಡದೆ ಕಾಲೇ ಕೊಳೆಯಬಹುದು. ಗೀರಿದರೆ, ಮಂಡಲದ ವಿಷದಿಂದ ರಕ್ತ ಹೆಪ್ಪುಗಟ್ಟುವ ಶಕ್ತಿ ಹೋಗಿರುತ್ತದೆ, ಗಾಯ ನಿಲ್ಲುವುದಿಲ್ಲ. ಕಚ್ಚಿಸಿಕೊಂಡವರನ್ನು ನಡೆಸದೆ, ಮೂಳೆ ಮುರಿದಾಗ ಮಾಡುವಂತೆ ಆ ಕಾಲನ್ನು ಅಲುಗಾಡದ ಹಾಗೆ ಪಟ್ಟಿ ಇಟ್ಟು, ಬೇಗ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸೇರಿಸಿ. ಅಷ್ಟೇ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಆದೇಶಿಸಿದ್ದು ನಿಮಗೂ ನೆನಪಿರಬಹುದು. ಅಷ್ಟು ಜನ ಸಾಯುತ್ತಾರೆ.

ವೈದ್ಯೆ ಹೇಳುತ್ತಿದ್ದಾಗ ನಾನು ಲೆಕ್ಕ ಹಾಕುತ್ತಿದ್ದೆ. 1996ರಿಂದ ವರ್ಷಕ್ಕೆ ಇಪ್ಪತ್ತನಾಲ್ಕು ಹುಡುಗಿಯರು. ಕೆಲವರು ಎರಡು ಮೂರು ವರ್ಷ ಇರುತ್ತಾರೆ, ಅದನ್ನು ಕಳೆದರೂ ಇನ್ನೂರಕ್ಕಿಂತ ಹೆಚ್ಚು ಮಂದಿ. ಅವರೆಲ್ಲ ಈಗ ತೋಟದ ಮನೆಗಳಲ್ಲಿ, ಗಂಡನ ಊರುಗಳಲ್ಲಿ ಇದ್ದಾರೆ. ಹಾವು ಕಚ್ಚಿದರೆ ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು, ಟೀಚರ್ ಹೇಳಿಕೊಟ್ಟಿದ್ದಾರೆ. ನನ್ನ ಅನುಭವ ಹೆಚ್ಚಿದಷ್ಟೂ ನನ್ನ ತಪ್ಪು ಹೆಚ್ಚು ಮನೆಗಳಿಗೆ ಹೋಗಿದೆ. ಗೊತ್ತಿದ್ದ ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಫೋನ್ ಮಾಡಿದೆ, ಸಂತೆಯಲ್ಲಿ ಸಿಕ್ಕವರನ್ನು ನಿಲ್ಲಿಸಿ ಹೇಳಿದೆ. "ಏನ್ ಟೀಚರ್, ಹಾವಿನ ವಿಷ್ಯಕ್ಕೆ ಫೋನ್ ಮಾಡಿದ್ರಾ?" ಎಂದು ಒಬ್ಬಳು ನಕ್ಕಳು. ಮೂವತ್ತೆಂಟು ಮಂದಿಗೆ ತಲುಪಿಸಲಾಯಿತು. ಮಿಕ್ಕವರು ಎಲ್ಲಿದ್ದಾರೋ.

ಇನ್ನೊಂದು ಸಂಗತಿಯನ್ನು ಬರೆಯಲು ಕಷ್ಟವಾಗುತ್ತದೆ.

ತರಬೇತಿಯಲ್ಲಿ ಪರದೆಯ ಮೇಲೆ ಒಂದು ಪಟ್ಟಿ ತೋರಿಸುತ್ತಾರೆ. ಮಗು ತೊಂದರೆಯಲ್ಲಿದೆ ಎಂಬುದಕ್ಕೆ ಗುರುತುಗಳು: ಇದ್ದಕ್ಕಿದ್ದಂತೆ ಓದಿನಲ್ಲಿ ಹಿಂದೆ ಬೀಳುವುದು, ಪದೇ ಪದೇ ಹೊಟ್ಟೆನೋವು ಎನ್ನುವುದು, ಮನೆಗೆ ಹೋಗಲು ಹಿಂಜರಿಯುವುದು. ಮೊದಲ ಮೂರು ವರ್ಷ ಇದನ್ನು ನೋಡಿದೆ. ನೋಡಿದೆ ಎಂದರೆ ಕಣ್ಣು ಅತ್ತ ಇತ್ತು. ನಾಲ್ಕನೆಯ ಸಲ, ಅದೇ ಪಟ್ಟಿ, ಅದೇ ಬಣ್ಣದ ಅಕ್ಷರ, ಹೊರಗೆ ಜಡಿಮಳೆ. ನನ್ನ ತಲೆಯೊಳಗೆ ಟೈಲರ್ ಆಂಟಿ ಎರಡನೆಯ ದಿನ ಯಾಕೆ ಬಂದಿಲ್ಲ ಎಂಬ ಯೋಚನೆ. ಆಗ ಯಾವ ಕಾರಣವೂ ಇಲ್ಲದೆ 1999ರ ಒಂದು ಶಿಬಿರದ ಕೊನೆಯ ಬೆಳಗು ನೆನಪಿಗೆ ಬಂತು.

ಎಂಟನೆಯ ತರಗತಿಯ ಹುಡುಗಿ. ಡೇರೆ ಬಿಚ್ಚುತ್ತಿದ್ದೆವು. ಎಲ್ಲರೂ ಮನೆಗೆ ಹೋಗುವ ಸಂಭ್ರಮದಲ್ಲಿದ್ದರು. ಅವಳು ಮಾತ್ರ ಗೂಟ ಹಿಡಿದುಕೊಂಡು ಕೂತಿದ್ದಳು. "ಟೀಚರ್, ಹೊಟ್ಟೆನೋವು, ನಾನು ಬಸ್ಸಲ್ಲಿ ಬರಲ್ಲ" ಎಂದಳು. ಓಮದ ನೀರು ಕುಡಿಸಿದೆ. ಮತ್ತೆ, "ನಿಮ್ಮ ಮನೇಲಿ ಎರಡು ದಿನ ಇರ್ಲಾ?" ಎಂದು ಕೇಳಿದಳು. ಶಿಬಿರದ ಹುಚ್ಚು ಹತ್ತಿದೆ ಎಂದುಕೊಂಡೆ. ಎಷ್ಟೋ ಮಕ್ಕಳು ಕೊನೆಯ ದಿನ ಹಾಗೆ ಅಳುತ್ತಾರೆ. "ಗೈಡ್ ಅಂದ್ರೆ ಧೈರ್ಯ ಇರಬೇಕಮ್ಮ. ಸದಾ ಸಿದ್ಧಳಾಗಿರಬೇಕು, ಅಳ್ತಾರಾ?" ಎಂದು ತಲೆ ಸವರಿ, ಬಸ್ಸು ಹತ್ತಿಸಿ, ಎಣಿಸಿದೆ. ಲೆಕ್ಕ ಸರಿಯಿತ್ತು. ಮನೆಯವರೆಗೂ ಬಿಟ್ಟು ಬಂದೆ. ಬಾಗಿಲಲ್ಲಿ ನಿಂತ ಅವಳ ಚಿಕ್ಕಪ್ಪ ನಗುತ್ತಾ ಚೀಲ ತೆಗೆದುಕೊಂಡರು. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಅಜ್ಜಿಯ ಊರಿಗೆ ಹೋದಳು ಎಂದರು. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದೆ.

ಏನೂ ಇರದೆಯೂ ಇರಬಹುದು. ನಿಜವಾಗಿಯೂ ಹೊಟ್ಟೆನೋವೇ ಇರಬಹುದು, ನನ್ನ ಮೇಲಿನ ಅಕ್ಕರೆಯೇ ಇರಬಹುದು. ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆಗ ಪೋಕ್ಸೋ ಕಾಯಿದೆ ಇರಲಿಲ್ಲ. ಅದು ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಈಗಿನ ಕಾಯಿದೆಯ ಪ್ರಕಾರ ಮಗುವಿಗೆ ಅಂಥ ಕೇಡಾಗಿದೆ ಎಂದು ಗೊತ್ತಾದವರು, ಆಗಬಹುದೆಂದು ಅಂಜಿಕೆ ಹುಟ್ಟಿದವರು ಕೂಡ, ಪೊಲೀಸರಿಗೆ ತಿಳಿಸಬೇಕು. ಕೇಡಾಗಿದ್ದು ಗೊತ್ತಿದ್ದೂ ತಿಳಿಸದಿದ್ದರೆ ಶಿಕ್ಷೆಯಿದೆ. ಆದರೆ ಗೊತ್ತಾಗುವುದಕ್ಕೆ ಮೊದಲು ಕೇಳಬೇಕಲ್ಲ. ಕಾಯಿದೆ ಇಲ್ಲದಿದ್ದರೂ, "ಯಾಕಮ್ಮ, ಮನೆಗೆ ಹೋಗೋಕೆ ಯಾಕೆ ಬೇಡ?" ಎಂದು ಒಂದು ಮಾತು ಕೇಳುವುದಕ್ಕೆ ಯಾವ ಅಡ್ಡಿ ಇತ್ತು? ಆಗ ನನಗೆ ಮೂವತ್ತು ವರ್ಷ. ಮೂರು ವರ್ಷದ ಅನುಭವ ಆಗಲೇ ಇತ್ತು. ಮಕ್ಕಳು ಕೊನೆಯ ದಿನ ಅಳುತ್ತಾರೆ ಎಂದು ನನಗೆ ಹೇಳಿದ್ದು ಆ ಅನುಭವವೇ.

ಹಾಗಾದರೆ ಅದೇ ಪಟ್ಟಿಯನ್ನು ನಾಲ್ಕು ಸಲ ತೋರಿಸಿದ್ದು ಸರಿಯೇ? ಸರಿ ಎಂದು ಒಪ್ಪಿಕೊಳ್ಳಲು ನನಗೆ ಈಗಲೂ ಮನಸ್ಸಿಲ್ಲ. ಮೊದಲ ಮೂರು ಸಲ ಅದು ನನ್ನನ್ನು ತಟ್ಟದೆ ಹೋದದ್ದು ತೋರಿಸಿದ ರೀತಿಯಿಂದಲೂ ಹೌದು. ಕಲ್ಲಿಗೆ ನೀರು ಹೊಯ್ದ ಹಾಗೆ ಹೊಯ್ದರೆ ಒಂದಲ್ಲ ಒಂದು ದಿನ ಒಂದು ಹನಿ ಇಂಗಬಹುದು. ಅದನ್ನು ನೀರಾವರಿ ಎನ್ನುತ್ತಾರೆಯೇ? ನನ್ನ ಸೋದರತ್ತೆ ಸಂಗೀತ ಪಾಠ ಹೇಳುತ್ತಿದ್ದರು. ಎಪ್ಪತ್ತನೆಯ ವಯಸ್ಸಿನಲ್ಲೂ ಬೆಳಗಾಗೆದ್ದು ಸರಳೆ ವರಸೆ ಹಾಡುತ್ತಿದ್ದರು. ಯಾರೂ ಅವರಿಂದ ಸಹಿ ತೆಗೆದುಕೊಳ್ಳುತ್ತಿರಲಿಲ್ಲ. ದಿನವೂ ಅದೇ ಸ್ವರದಲ್ಲಿ ಅವರು ಬೇರೆ ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. ವಿಮಾನ ನಡೆಸುವವರನ್ನು ವರ್ಷಕ್ಕೆ ಎರಡು ಸಲ ಪರೀಕ್ಷೆಗೆ ಕೂರಿಸುತ್ತಾರೆ, ಎಷ್ಟೇ ಹಳಬರಾದರೂ. ಆದರೆ ಅಲ್ಲಿ ಯಂತ್ರದೊಳಗೆ ಕೂರಿಸಿ ಎಂಜಿನ್ ಕೆಟ್ಟಿತು, ಏನು ಮಾಡುತ್ತೀರಿ ಎಂದು ಕೇಳುತ್ತಾರೆಯೇ ಹೊರತು, ನಿಮ್ಮ ಹೆಸರಿನ ಜೊತೆ ಒಂದು ಹಣ್ಣಿನ ಹೆಸರು ಹೇಳಿ ಎನ್ನುವುದಿಲ್ಲ.

ನಮ್ಮ ಕಾರ್ಯದರ್ಶಿಗಳನ್ನು ಕೇಳಿದಾಗ ಕಾನೂನೇ ಹಾಗೆ ಹೇಳುತ್ತದೆ ಎಂದರು. ನನ್ನ ತಂಗಿಯ ಮಗಳು ವಕೀಲೆ. ಅವಳಿಂದ 2020ರ ಪೋಕ್ಸೋ ನಿಯಮಗಳನ್ನು ತರಿಸಿ ಓದಿದೆ. ಮಕ್ಕಳ ಜೊತೆ ಒಡನಾಡುವ ಸಂಸ್ಥೆಗಳು ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರ ಮೂಲಕ ಪರಿಶೀಲಿಸಬೇಕು, ಕಾಲಕಾಲಕ್ಕೆ ತರಬೇತಿ ಏರ್ಪಡಿಸಬೇಕು ಎಂದು ಅದರಲ್ಲಿದೆ. ಕಾಲಕಾಲಕ್ಕೆ ಎಂದಿದೆ, ಪ್ರತಿ ಶ್ರಾವಣದಲ್ಲಿ ಮೂರು ದಿನ, ಅದೇ ಹತ್ತು ಪ್ರಶ್ನೆ ಎಂದು ಇಲ್ಲ. ಅದು ನಮ್ಮವರ ಸೃಷ್ಟಿ. ಪರಿಶೀಲನೆ ಮಾಡಿಸುವುದು ತ್ರಾಸದ ಕೆಲಸ, ತರಬೇತಿ ಮಾಡಿಸುವುದು ಸುಲಭ, ಫೋಟೋನೂ ಸಿಗುತ್ತದೆ. ನನ್ನ ಹಿನ್ನೆಲೆಯನ್ನು ಇದುವರೆಗೆ ಯಾರೂ ಪರಿಶೀಲಿಸಿಲ್ಲ, ಅದೂ ನಿಜ.

ಈ ವರ್ಷದ ಸುತ್ತೋಲೆ ಬಂದ ಕೂಡಲೇ ನಾನೇ ಒಂದು ಪತ್ರ ಬರೆದೆ. ಯಾರಿಗೂ ವಿನಾಯಿತಿ ಬೇಡ, ನನಗೂ ಬೇಡ. ಆದರೆ ಒಮ್ಮೆ ಪೂರ್ತಿ ಮಾಡಿದವರಿಗೆ ಮುಂದೆ ಒಂದು ದಿನ ಸಾಕು. ಆ ದಿನ ಭಾನುವಾರವಿರಲಿ, ಹಬ್ಬದ ಹಿಂದೆ ಮುಂದೆ ಬೇಡ. ದಿನಗೂಲಿಯಲ್ಲಿ ಬದುಕುವ ಸ್ವಯಂಸೇವಕರಿಗೆ ಆ ದಿನದ ದುಡ್ಡು ಮಂಡಳಿ ಕೊಡಲಿ. ಪರದೆಯ ಪಟ್ಟಿಯ ಬದಲು ಹಳಬರು ತಾವು ಕಂಡದ್ದನ್ನು, ಕಾಣದೆ ಹೋದದ್ದನ್ನು ಹೇಳಲಿ; ಹೊಸಬರು ಕೇಳಲಿ. ಹೊಟ್ಟೆನೋವಿನ ಹುಡುಗಿಯ ಕಥೆಯನ್ನು ನಾನೇ ಹೇಳುತ್ತೇನೆ ಎಂದೂ ಬರೆದು, ಆ ಸಾಲನ್ನು ಎರಡು ಸಲ ಹೊಡೆದು, ಮತ್ತೆ ಬರೆದೆ. "ಪರಿಶೀಲಿಸಲಾಗುವುದು" ಎಂದು ಉತ್ತರ ಬಂತು. ಈ ಸಲವೂ ಮೂರು ದಿನವೇ ಆಯಿತು. ಆದರೆ ಹಬ್ಬ ಕಳೆದ ಮೇಲೆ. ಅಷ್ಟು ಮಾತ್ರ ಕೇಳಿದರು.

ದಿನಾಂಕ ಗೊತ್ತಾದ ಸಂಜೆ ಟೈಲರ್ ಆಂಟಿಯ ಮನೆಗೆ ಹೋದೆ. ಒಂದು ವರ್ಷದಿಂದ ಅವರು ಶನಿವಾರ ಬೇವಿನ ಮರದ ಕಡೆ ಬಂದಿರಲಿಲ್ಲ. ಯಂತ್ರ ತುಳಿಯುತ್ತಲೇ ಕೂರಿ ಎಂದರು. ನಾನು ಹಾವಿನ ಕಥೆ ಹೇಳಿದೆ. ಆ ಹುಡುಗಿಯ ಕಥೆಯನ್ನೂ ಹೇಳಿದೆ. ತುಳಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. "ಅನುಮಾನ ನಿಮ್ಮ ಮೇಲೆ ಒಬ್ಬರ ಮೇಲಲ್ಲ ಕಣ್ರೀ, ನನ್ನ ಮೇಲೂನೂ ಇರಲಿ. ಇರಬೇಕು" ಎಂದೆ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಹೊಸ ಮಕ್ಕಳಿಗೆಂದು ಜೂನಿನಲ್ಲೇ ಹೊಲಿಯಲು ಕೊಟ್ಟಿದ್ದ ಸ್ಕಾರ್ಫುಗಳು, ಅಂಚು ಮಡಿಸಿ, ಇಸ್ತ್ರಿ ಹಾಕಿ.

"ಇಪ್ಪತ್ನಾಲ್ಕು ಇದೆ, ಎಣಿಸ್ಕೊಳ್ಳಿ" ಎಂದರು.

"ನೀವು ಹೇಳಿದ್ರೆ ಸಾಕು ಬಿಡಿ" ಎಂದೆ.

"ಇಲ್ಲ ಅಕ್ಕಾ, ಎಣಿಸ್ಕೊಳ್ಳಿ."

ಅವರ ಮುಂದೆಯೇ, ಮಣೆಯ ಮೇಲೆ ಕೂತು ಎಣಿಸಿದೆ. ಇಪ್ಪತ್ತಮೂರು ಇತ್ತು. ಇಬ್ಬರೂ ಸೇರಿ ಹುಡುಕಿದೆವು. ಒಂದು ಯಂತ್ರದ ಹಿಂದೆ ಗೋಡೆಯ ಸಂದಿಯಲ್ಲಿ ಬಿದ್ದಿತ್ತು.